ತೋಡಿನಲ್ಲಿ ಬಾಣವಿರಲಿಲ್ಲ

ಬೋಳಾರದಲ್ಲಿ ಮುಚ್ಚಿದ ಹಂಚಿನ ಕಾರ್ಖಾನೆ;
ಮಣ್ಣು ಕಲಸುತ್ತಿದ್ದ ಜಾಗದಲ್ಲೀಗ ನಮ್ಮ ಕ್ಲಬ್ಬಿನ ಗುರಿಹಲಗೆ.
ಶನಿವಾರ, ಮೂರೂವರೆ. ಒಳಗೆ ಬಾವಲಿಗಳು ಮತ್ತು ನಾನು.

ಅಡ್ಡಬಿಲ್ಲಿನ ಹೆದೆ ಎಳೆದು ಕೊಕ್ಕೆಗೆ ಸಿಕ್ಕಿಸಿದ್ದು ನೆನಪುಂಟು,
ಕೆನ್ನೆ ಒತ್ತಿದ್ದು, ಉಸಿರನ್ನು ಅರ್ಧಕ್ಕೆ ಹಿಡಿದದ್ದು.
ತಲೆಯೊಳಗೆ ಮಾತ್ರ ಬೇರೊಂದು ಕಚೇರಿ ತೆರೆದಿತ್ತು:
ಮೂರು ವಾರ ಮಸೆದಿಟ್ಟ ಒಂದು ವಾಕ್ಯ;
ಅದನ್ನು ಹೇಳಲೆಂದೇ ಬೆಳಿಗ್ಗೆ ಬಂದರಿನ ಆಫೀಸಿಗೆ ಹೋಗಿ,
ಮೆಟ್ಟಿಲು ಹತ್ತಿ, ಬಾಗಿಲು ತಳ್ಳಿ, ಬಾಯಿ ತೆರೆದರೆ
ಕುರ್ಚಿ ಖಾಲಿ.
‘ಸಾಹೇಬರಿಗೆ ಕಾರವಾರಕ್ಕೆ ವರ್ಗ ಆಯ್ತಲ್ಲ, ಗೊತ್ತಿಲ್ವಾ?’

ಟ್ರಿಗರ್ ಎಳೆದೆ.

ಅದು ಬಿಲ್ಲಿನ ಸದ್ದೇ ಅಲ್ಲ.
ಒಣಮಡಲು ತಗಡಿನ ಮಾಡಿಗೆ ಬಿದ್ದ ಹಾಗೆ,
ಅಲ್ಲ, ಅದಕ್ಕಿಂತ ಗಿಡ್ಡ, ಅದಕ್ಕಿಂತ ಒಳಗಿನದು;
ಅಂಗೈಯಿಂದ ಮೊಣಕೈವರೆಗೆ ಹತ್ತಿ ಹಲ್ಲಿನಲ್ಲಿ ನಿಂತಿತು.
ಬಾವಲಿಗಳು ಒಮ್ಮೆಗೇ ಎದ್ದವು.
ಗುರಿಹಲಗೆ ಇದ್ದ ಹಾಗೇ ಇತ್ತು.
ತೋಡಿನಲ್ಲಿ ಬಾಣವಿರಲಿಲ್ಲ.

ಇನ್ನೊಮ್ಮೆ ಎಳೆದು ನೋಡುವಾ, ಸರಿ ಉಂಟಾ ಅಂತ,
ಕೈ ಆಗಲೇ ಹೆದೆಗೆ ಹೋಗಿತ್ತು.
‘ಸೈಬಾ! ತೆಗಿ ಕೈ!’

ಸೆವ್ರಿನ್ ಬಾಯಿ. ಈಗ ಗೇಟಿನ ಕಾವಲು.
ಮೊದಲು ಮೂವತ್ತೊಂದು ವರ್ಷ ಇಲ್ಲೇ
ಗೂಡಿನಿಂದ ಇಳಿದ ಹಂಚಿಗೆ ಬೆರಳಗಂಟಿನಿಂದ ತಟ್ಟಿ
ಠಣ್ ಅಂದರೆ ಈಚೆ, ಡೊಕ್ ಅಂದರೆ ಆಚೆ.
‘ಯಾರಿಗೆ ಬಿಟ್ಟದ್ದು?’
‘ಯಾರಿಗೂ ಇಲ್ಲ. ಬಾಣ ಇಡಲು ಮರೆತೆ.’
‘ಮತ್ತೆ ಅಷ್ಟು ಜೋರು ಎಲ್ಲಿಗೆ ಹೋಯ್ತು?’

ಬೆಂಚಿನ ಮೇಲೆ ಮಲಗಿಸಿದೆವು, ಜ್ವರದ ಮಗುವಿನ ಹಾಗೆ.
ಹೆದೆಗೆ ಸುತ್ತಿದ ನೂಲು ಒಂದು ಕಡೆ ಬಿಚ್ಚಿ
ಬೆಕ್ಕಿನ ಮೀಸೆಯಂತೆ ಎದ್ದಿತ್ತು.
ತೋಡು ನೇರ. ತಿರುಪುಗಳಲ್ಲಿ ಒಂದು ಸಡಿಲ.
ತೋಳುಗಳಿಗೆ ಬಾಯಿ ಬೆರಳಗಂಟಿನಿಂದ ತಟ್ಟಿದಳು,
ಕಿವಿ ಇಟ್ಟಳು, ಮತ್ತೆ ತಟ್ಟಿದಳು, ಮುಖ ಸಿಂಡರಿಸಿದಳು:
‘ಇದು ಮಣ್ಣಲ್ಲ ಮಾರಾಯ. ಇದರ ಭಾಷೆ ನನಗೆ ಬರುವುದಿಲ್ಲ.’

ಆಮೇಲೆ, ಶೀತಕ್ಕೆಂದು ಕಿವಿಗೆ ತುರುಕಿದ್ದ ಹತ್ತಿಯನ್ನೇ ತೆಗೆದು
ತೋಳಿನ ಉದ್ದಕ್ಕೂ ಮೆಲ್ಲಗೆ ಒರೆಸುತ್ತಾ ಹೋದಳು.
ಬಲಗಡೆ ಜಾರಿತು.
ಎಡಗಡೆ, ತುದಿಯಿಂದ ನಾಲ್ಕು ಬೆರಳು ಈಚೆ,
ಒಂದೆಳೆ ಹಿಂದೆ ಉಳಿಯಿತು.
‘ಇಲ್ಲಿ.’
ಬಗ್ಗಿ ನೋಡಿದೆ, ಏನಿಲ್ಲ.
ಮೊಬೈಲಿನ ಟಾರ್ಚು ಹಾಕಿದೆ, ಏನಿಲ್ಲ.
ಹೊಳೆಯಿಂದ ಬಂದ ಗಾಳಿಗೆ ಆ ಎಳೆ ಮಾತ್ರ
ನೆಟ್ಟಗೆ ನಿಂತು ಅಲ್ಲಾಡುತ್ತಿತ್ತು, ನರೆಗೂದಲಿನ ಹಾಗೆ.

ಉಚ್ಚಿಲ್ ಮೇಷ್ಟ್ರಿಗೆ ಫೋನು ಮಾಡಿದೆ.
ಬಿಲ್ಲು ಅವರದ್ದು; ಬೈಗುಳಕ್ಕೆ ತಯಾರಾಗಿಯೇ ಇದ್ದೆ.
ಸ್ವಲ್ಪ ಹೊತ್ತು ಅವರ ಮನೆಯ ಕುಕ್ಕರಿನ ಸೀಟಿ ಮಾತ್ರ ಕೇಳಿತು.
ಆಮೇಲೆ, ‘ಬೆರಳು ಎಲ್ಲ ಉಂಟಾ?’
ಎಣಿಸಿದೆ. ಹತ್ತು.
‘ಕಣ್ಣು?’
‘ಉಂಟು.’
‘ಹಾಗಾದರೆ ಅದನ್ನು ಮುಟ್ಟಬೇಡ. ನಾಳೆ ನಾನು ಬರ್ತೇನೆ.
ತೋಳು ಪುಣೆಯಿಂದ ತರಿಸುವಾ. ಊಟ ಆಯ್ತಾ ನಿಂದು?’

ರಟ್ಟಿನ ತುಂಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಎಳೆಯಬೇಡಿ.
ತಾರೀಕು ಹಾಕಿದೆ. ಹೆಸರು ಹಾಕಲೋ ಬೇಡವೋ ಎಂದು ನಿಂತೆ,
ಹಾಕಿದೆ.
ಬಾಯಿ ಹತ್ತಿಯನ್ನು ಮಡಚಿ ಇನ್ನೊಂದು ಕಿವಿಗೆ ಇಟ್ಟುಕೊಂಡಳು.

ಗೇಟು ದಾಟಿದ ಮೇಲೆ ಓಡಿ ಬಂದಳು, ಏದುಸಿರು.
‘ತಗೊ. ಚಾದ ಗ್ಲಾಸಿನ ಹತ್ತಿರ ಇತ್ತು. ಆಗಿನಿಂದಲೂ.’

ಮಂಗಳಾದೇವಿಯಲ್ಲಿ ಸ್ಟೇಟ್‌ಬ್ಯಾಂಕಿನ ಬಸ್ಸು ಹಿಡಿದೆ, ಸೀಟು ಸಿಕ್ಕಿತು.
ಚೀಲದಿಂದ ಬಾಣ ಒಂದು ಗೇಣು ಹೊರಗೆ.
ಪಕ್ಕದಲ್ಲಿ ಖಾಲಿ ಮೀನಿನ ಬುಟ್ಟಿಯ ಹೆಂಗಸು:
‘ಒಂಚೂರು ಆಚೆ ತಿರುಗಿಸಿ ಅಣ್ಣ, ಚುಚ್ತದೆ.’

ಮೊನೆಯನ್ನು ನನ್ನ ಕಡೆ ಮಾಡಿ ಕೂತೆ.